ಸೀಟಿನಡಿಯ ಜಾತಕ

ಬೆಳಗಿನ ಐದೂವರೆ. ಒಹಾಯೋದ ಲೈಮಾ ಊರಿನ ಹಳೇ ಕಾರುಗಳ ಸಂತೆಯಲ್ಲಿ ಇಬ್ಬನಿ ಇನ್ನೂ ಆರಿಲ್ಲ. ಅರವತ್ತೊಂದರ ಡೆಲ್ಫೀನ್ ವೊಯ್ಚಿಕ್ ದೊಡ್ಡ ಎಂಜಿನ್ನಿನ ತಮ್ಮ ಹಸಿರು ಮಸಲ್ ಕಾರಿನ ಗಾಜು ಒರೆಸಿ, ಅದರ ಮುಂದೆ ಕೈಬರಹದ ಬೋರ್ಡು ನಿಲ್ಲಿಸುತ್ತಾರೆ: ‘ಕಾರ್ಖಾನೆಯ ನಂಬರು, ಎಂಜಿನ್ನು ಇದೇ ಊರಿನ 1970ರ ಕಾರಿನದು. ಮೈ ಅರಿಜೋನಾದ ಬೇರೆ ಕಾರಿನದು. ಕೇಳಿ, ಎಲ್ಲ ಹೇಳ್ತೀನಿ.’

ಪಕ್ಕದಲ್ಲಿ ಚಕ್ರದ ಮುಚ್ಚಳ ಮಾರುವ ವರ್ಜಿಲ್‌ಗೆ ಸುಮ್ಮನಿರಲಾಗುವುದಿಲ್ಲ. “ತೆಗಿಯೇ ಮಾರಾಯ್ತಿ! ಹೊಸಬನ ಜೊತೆ ಮೊದಲ್ನೇ ಊಟಕ್ಕೆ ಕೂತು ಹಲ್ಲಿನ ಸೆಟ್ಟು ಬಿಚ್ಚಿ ಮೇಜಿನ ಮೇಲೆ ಇಡ್ತಾರೇನೇ?”

“ಮದುವೆ ಆದ್ಮೇಲೆ ಲೋಟದಲ್ಲಿ ಕಂಡ್ರೆ ಅವನ ಎದೆ ಒಡೆದೋಗುತ್ತಲ್ಲೋ!”

ಈ ಸೀಮೆಯಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಕಾರಿನ ಮೈಯನ್ನು ತಿಂದುಹಾಕುತ್ತದೆ. ಆಗ ಒಣ ಸೀಮೆಯಿಂದ ತಂದ ಗಟ್ಟಿಯಾದ ಇನ್ನೊಂದು ಮೈಗೆ ಹಳೇ ಕಾರಿನ ಜೀವ ಸೇರಿಸುವುದು ಡೆಲ್ಫೀನ್ ಕೆಲಸ. ಒಂದು ಕಾರಿಗೆ ಸಾವಿರದ ಇನ್ನೂರು ಬೆಸುಗೆ, ದಿನಕ್ಕೆ ಹತ್ತು ತಾಸು, ಮೂವತ್ತನಾಲ್ಕು ವರ್ಷ, ಅದೂ ಬೇರೆಯವರ ಗ್ಯಾರೇಜುಗಳಲ್ಲಿ. ಮೊದಲ ಯಜಮಾನ ಇಂಥದೊಂದನ್ನು ‘ಅಪ್ಪಟ ಅಸಲಿ’ ಅಂತ ಮಾರಿದ. ಕೊಂಡವನು ಬಂದು ನಿಜವೇ ಅಂತ ಇವರನ್ನೇ ಕೇಳಿದ. “ನಾನು ನೆಲ ನೋಡ್ದೆ. ಥೂ, ಈಗ್ಲೂ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.”

ಆಗಿನ ಕಾರ್ಖಾನೆಯವರು ಹಿಂದಿನ ಸೀಟಿನ ಸ್ಪ್ರಿಂಗಿಗೆ ಕಾರಿನ ವಿವರದ ಹಾಳೆ ಸಿಕ್ಕಿಸಿ ಮರೆಯುತ್ತಿದ್ದರು. ಹಳೇ ಕಾರು ಕೊಂಡವರು ಮೊದಲು ಕೈ ಹಾಕುವುದೂ ಅಲ್ಲಿಗೇ. ಡೆಲ್ಫೀನ್ ಅಲ್ಲಿಗೆ ತಮ್ಮದೂ ಒಂದು ಹಾಳೆ ಸೇರಿಸುತ್ತಾರೆ: ಯಾವ ತಗಡು ಯಾವ ಕಾರಿನದು, ಯಾವತ್ತು ಬೆಸೆದದ್ದು, ಕೆಳಗೆ ಸಹಿ. ಸರ್ಕಾರಿ ತಪಾಸಣೆಯ ಒಪ್ಪಿಗೆ ಚೀಟಿಯೂ ಜೊತೆಗಿರುತ್ತದೆ.

ಈ ಹಸಿರು ಕಾರು ಅವರ ಸ್ವಂತದ ಮೊದಲನೆಯದು. ಮಾರಿಹೋದರೆ ಸ್ವಂತ ಶೆಡ್ಡು, ಇಲ್ಲದಿದ್ದರೆ ಸೋಮವಾರ ಮತ್ತೆ ಬೇರೆಯವರ ಬಾಗಿಲು. ಒಂಬತ್ತರೊಳಗೆ ನಾಲ್ವರು ಬಂದು ಬೋರ್ಡು ಓದಿ ಜಾಗ ಖಾಲಿ ಮಾಡುತ್ತಾರೆ.

ಐದನೆಯವರು ಎಪ್ಪತ್ತೆಂಟರ ಓಟಿಸ್ ಕ್ರೆನ್‌ಶಾ. ಬೋರ್ಡು ನೋಡುವುದೇ ಇಲ್ಲ, ಕನ್ನಡಕ ಜೇಬಿನಲ್ಲಿದೆ. ಜಾಹೀರಾತಿನಲ್ಲಿ ಕಂಡ ಕಾರಿನ ನಂಬರು ಹಿಡಿದು ಹೆಂಡತಿ ಮಾರ್ವಾ ಜೊತೆ ಬಂದವರು ನೇರ ಬಾಗಿಲು ತೆಗೆದು ಅದರ ಒಳಮೈ ತಡಕುತ್ತಾರೆ. “ನನ್ನ ಕಾರೇ ಇದು! ಎಂಬತ್ಮೂರನೇ ಇಸವೀಲಿ ಮಾರಿದ್ದೆ. ಇಲ್ಲಿ ಮಾರ್ವಾ ಕೀಲಿಕೈಲಿ ಹೆಸರು ಗೀಚಿದ್ಲು. ಎಲ್ಲಿ?”

ಬಣ್ಣದಡಿ ಮುಚ್ಚಿಹೋಯಿತು ಅಂದರೆ ಮುಗಿಯುತ್ತಿತ್ತು. ವರ್ಜಿಲ್ ಕಣ್ಣು ಮಿಟುಕಿಸುತ್ತಾನೆ. ಡೆಲ್ಫೀನ್ ಈ ಸಲ ನೆಲ ನೋಡುವುದಿಲ್ಲ. “ಆ ಬಾಗಿಲು ತುಕ್ಕಾಗಿ ಹೋಯ್ತು ಯಜಮಾನ್ರೇ. ಇದು ಬೇರೆ ಕಾರಿನ ಮೈ. ಎಂಜಿನ್ ಮಾತ್ರ ನಿಮ್ಮದೇ.”

ಓಟಿಸ್ ಜೇಬಿನ ಕನ್ನಡಕ ಏರಿಸಿ ಬೋರ್ಡು ಓದುತ್ತಾರೆ. ಆಮೇಲೆ ಹೊಟ್ಟೆ ಕುಲುಕಿಸಿ ನಗುತ್ತಾರೆ. “ನಂಗೂ ಎರಡು ಮಂಡಿ, ಒಂದು ಸೊಂಟದ ಕೀಲು ಬದಲಾಯ್ಸಿದಾರೆ ಕಣಮ್ಮ. ಇವಳು ಇನ್ನೂ ಮನೆಗೆ ಸೇರಿಸ್ತಾಳೆ!”

“ನಂಗೆ ಹೇಳಿ ಬದಲಾಯ್ಸಿದ್ರಲ್ಲ, ಅದಕ್ಕೇ!” ಅನ್ನುತ್ತಾರೆ ಮಾರ್ವಾ.

ಹತ್ತು ಗಂಟೆಗೆ ಕಾರು ಅವರದಾಗುತ್ತದೆ. ಕೈಗೆ ಬಂದ ಕೀಲಿಯಿಂದಲೇ ಮಾರ್ವಾ ಬಾಗಿಲ ಒಳಗೆ ಪರಪರ ಹೆಸರು ಗೀಚುತ್ತಾರೆ. “ಅಯ್ಯೋ, ನನ್ನ ಬಣ್ಣ!” ಡೆಲ್ಫೀನ್ ಕಣ್ಣು ಮುಚ್ಚಿಕೊಂಡು ನಗುತ್ತಾರೆ. ಆಮೇಲೆ ಹಿಂದಿನ ಸೀಟು ಎಬ್ಬಿಸಿ, ತಮ್ಮ ಹಾಳೆ ಹೊರಗೆಳೆದು, ಪೆನ್ನು ತೆರೆದು ಒಂದು ಸಾಲು ಸೇರಿಸುತ್ತಾರೆ:

‘ಬಾಗಿಲ ಗೀರು ಹಳೆಯದಲ್ಲ, ಇವತ್ತಿನದು. ಗೀಚಿದವರು ಮಾತ್ರ ಅಸಲಿ.’