ಕಣ್ಣೆತ್ತರದ ಕೋಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಲಾ ಗ್ಯಾಲರಿಯ ದೊಡ್ಡ ಹಾಲ್‌ನಲ್ಲಿ ಹೆಂಗಸೊಬ್ಬರು ಏಣಿಯನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿಯುತ್ತಿದ್ದಾರೆ. ಗಂಟು ಹಾಕುತ್ತಾರೆ, ಜಗ್ಗುತ್ತಾರೆ, ನಂಬಿಕೆ ಬಾರದೆ ಬಿಚ್ಚಿ ಮತ್ತೆ ಹಾಕುತ್ತಾರೆ. ಸಂಜೆ ಇಲ್ಲಿ ಚಿತ್ರಪ್ರದರ್ಶನ. ಒಂದು ಗೋಡೆ ಇನ್ನೂ ಬರಿದಾಗಿದೆ.

ಎಲ್ಲರ ಬಾಯಲ್ಲೂ ಅವರು ಏಣಿಯಕ್ಕ. ಹೋದ ವರ್ಷದವರೆಗೆ ಇದೇ ಹಾಲ್‌ನ ಕಸ ಗುಡಿಸಿ ನೆಲ ಒರೆಸುತ್ತಿದ್ದರು. ಚಿತ್ರ ತೂಗುಹಾಕುತ್ತಿದ್ದುದು ಅವರ ಗಂಡ. ಒಂದು ಉದ್ಘಾಟನೆಯ ದಿನ, ಕೆಳಗೆ ಏಣಿ ಹಿಡಿದಿದ್ದವನನ್ನು ಕುರ್ಚಿ ಜೋಡಿಸಲು ಕರೆದರು. ಏಣಿ ಜಾರಿತು. ಉದ್ಘಾಟನೆ ಮಾತ್ರ ಹೇಳಿದ ಹೊತ್ತಿಗೇ ನಡೆಯಿತು.

“ಮಣ್ಣು ಮಾಡಿ ಎಲ್ಲಾ ಮುಗಿಸಿಕೊಂಡು ಬಂದ್ಮೇಲೆ ಆ ಜಾಗ ತಿಕ್ಕಿದ್ದೂ ನಾನೇ. ನೆಲ ನನ್ನ ಕೆಲಸ ತಾನೇ?” ಎನ್ನುತ್ತಾರೆ, ಗಂಟಿನ ಮೇಲಿಂದ ಕಣ್ಣು ತೆಗೆಯದೆ.

ಗಂಡನ ಕೆಲಸ ಈಗ ಅವರಿಗೆ ಬಂದಿದೆ, ಪರೀಕ್ಷಾರ್ಥವಾಗಿ. ಇವತ್ತಿನದು ಸರಿಹೋಗದಿದ್ದರೆ ಹೊರಗಿನವರಿಗೆ ಕೊಡುತ್ತಾರೆ. ಪೊರಕೆಯೋ, ಆಗಲೇ ಬೇರೆಯವರ ಕೈ ಸೇರಿದೆ. ಮನೆಯಲ್ಲಿ ಅತ್ತೆ ಮಾತು ಬಿಟ್ಟಿದ್ದಾರೆ. ಬಿಡುವ ಮುಂಚೆ ಆಡಿದ್ದು ಇಷ್ಟು: “ನನ್ನ ಮಗನ್ನ ನುಂಗಿದ ಏಣೀನೇ ಹತ್ತೋಕೆ ಹೊರಟ್ಯೇನೇ?”

ಕಲಿಯುವುದು ಮೊಳೆ ಹೊಡೆಯುವುದಷ್ಟೇ ಅಲ್ಲ. ಬಾಗಿಲು ದಾಟಿದವರಿಗೆ ಮೊದಲು ಯಾವ ಚಿತ್ರ ಕಾಣಬೇಕು, ಗಾಜಿಗೆ ಬೆಳಕು ಹೊಡೆಯದಂತೆ ದೀಪವನ್ನು ಎತ್ತ ತಿರುಗಿಸಬೇಕು, ಜನ ಗುಂಪುಗಟ್ಟುವ ಮೂಲೆಯಲ್ಲಿ ಎಷ್ಟು ಜಾಗ ಬಿಡಬೇಕು, ಎಲ್ಲವನ್ನೂ ಎಡವಿ ಎಡವಿಯೇ ಕಲಿಯುತ್ತಿದ್ದಾರೆ. ಮೊದಲ ಸಲ ಕಣ್ಣಿನ ನೇರಕ್ಕೆ ತೂಗುಹಾಕಲು ಹೇಳಿದಾಗ, ತಮ್ಮದೇ ಕಣ್ಣಿನ ನೇರಕ್ಕೆ ಹಾಕಿಬಿಟ್ಟರು. ಅವರು ಗಿಡ್ಡ.

“ನೋಡೋಕೆ ಬಂದವ್ರು ಮಂಡಿಯೂರ್ಬೇಕೇನಮ್ಮ?” ಎಂದರು ಮ್ಯಾನೇಜರು. ಹಾಲ್ ತುಂಬ ನಗು. ಅಷ್ಟೂ ತೂತುಗಳಿಗೆ ಪುಟ್ಟಿ ಮೆತ್ತಿ ಹೊಸದಾಗಿ ಕೊರೆಯಬೇಕಾಯಿತು.

ಆ ಮಧ್ಯಾಹ್ನ ಸಾಮಾನು ಕೋಣೆಯಲ್ಲಿ ಒಬ್ಬರೇ ಕೂತಿದ್ದಾಗ ಎದುರಿನ ಗೋಡೆಯ ಜಿಡ್ಡಿನ ಕಲೆ ಕಣ್ಣಿಗೆ ಬಿತ್ತು. ಗಂಡ ದಿನವೂ ನಿಂತೇ ಚಹಾ ಕುಡಿಯುತ್ತ ತಲೆ ಒರಗಿಸುತ್ತಿದ್ದ ಜಾಗ. ಕಲೆಯಿಂದ ನಾಲ್ಕು ಬೆರಳು ಕೆಳಗೆ ಗಂಡನ ಕಣ್ಣು. ನೆಲದಿಂದ ಅಲ್ಲಿಗೆ ಸರಿಯಾಗಿ ಒಂದು ಕೋಲು ಕತ್ತರಿಸಿಕೊಂಡರು. ಆಮೇಲೆ ಗ್ಯಾಲರಿಯವರು ಕೋಣೆಗೆ ಸುಣ್ಣ ಬಳಿಸಿದರು. ಉಳಿದದ್ದು ಕೋಲೊಂದೇ.

ಈಗ ಆ ಕೋಲನ್ನು ಗೋಡೆಗೆ ಆನಿಸಿ ಗುರುತು ಹಾಕುತ್ತಾರೆ. ಏಣಿ ಹತ್ತುವಾಗ ಕಾಲು ನಡುಗುವುದು ಕೆಳಗೆ ಕುರ್ಚಿ ಜೋಡಿಸುತ್ತಿರುವವರಿಗೂ ಕಾಣುತ್ತದೆ. “ನಡುಗ್ಲಿ ಬಿಡಿ. ಕೈ ನಡುಗದಿದ್ರೆ ಸಾಕು.”

ಬಿಸಿಲು ಒಳಗೆ ಬರುವ ಹೊತ್ತಿಗೆ ಕೊನೆಯ ಚಿತ್ರವೂ ಮೇಲೇರಿದೆ. ಮ್ಯಾನೇಜರು ಹಾಲ್ ಸುತ್ತಿ ಬರುತ್ತಾರೆ. ಎಲ್ಲಿಯೂ ಕತ್ತು ಎತ್ತುವುದಿಲ್ಲ, ಬಗ್ಗಿಸುವುದಿಲ್ಲ.

“ಪರವಾಗಿಲ್ಲ. ನಾಳೆಯಿಂದ ನೀನೇ ಬಾ.”

ಏಣಿಯಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. “ಸಾರ್, ಒಂದೇ ಒಂದು. ಏಣಿ ಹಿಡಿಯೋಕೆ ಒಬ್ಬರನ್ನ ಕೊಡಿ.”

“ಹಗ್ಗ ಇದೆಯಲ್ಲಮ್ಮ.”

“ಇದೆ ಸಾರ್,” ಎನ್ನುತ್ತಾರೆ ಗಂಟು ಬಿಚ್ಚುತ್ತ. “ಕೂಗಿದ್ರೆ ಹಗ್ಗ ಓ ಅನ್ನಲ್ಲ.”