ಪೆರ್ದೆಬಾಯ್‌ನ ಕಾಗದದ ಫಿಲ್ಟರು

ಸಮುದ್ರ ಬತ್ತಿಹೋದ ಮೇಲೆ ದಡದ ಊರು ಮೊಯ್ನಾಕದಲ್ಲಿ ಉಳಿದದ್ದು ಉಪ್ಪುಧೂಳು, ಒಂಟೆಗಳು, ಮತ್ತೆ ಪೆರ್ದೆಬಾಯ್‌ನಂಥ ಹಟಮಾರಿಗಳು. ಊರಿನ ವ್ಯಾನು, ಲಾರಿಗಳೆಲ್ಲ ಆ ಮೆಕ್ಯಾನಿಕ್ಕನ ಕೈಯಲ್ಲೇ ಬದುಕಿದ್ದವು. ಡ್ರೈವರುಗಳು ಎಂಜಿನ್ನಿಗೆ ಗಾಳಿ ಸೋಸಿಕೊಡುವ ಏರ್ ಫಿಲ್ಟರನ್ನು ಚಕ್ರಕ್ಕೆ ಬಡಿದು ಕೊಡವುವುದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಬಡೀಬೇಡ್ರೋ! ಕಣ್ಣಿಗೆ ಕಾಣದ ತೂತು ಬಿದ್ರೂ ಎಂಜಿನ್ ಗೋವಿಂದ!"

ಬಟ್ಟಲಿನ ಎಣ್ಣೆಗೆ ಧೂಳು ಅಂಟಿಸಿಕೊಳ್ಳುವ ಹಳೆಯ ಎಣ್ಣೆಬಟ್ಟಲಿನ ಫಿಲ್ಟರು ದಪ್ಪ ಧೂಳನ್ನು ಹಿಡಿದು, ಹಿಟ್ಟಿನಂಥದ್ದನ್ನು ಒಳಗೆ ಬಿಟ್ಟುಬಿಡುತ್ತಿತ್ತು. ಅದನ್ನು ಕಿತ್ತು ತನ್ನ ವ್ಯಾನಿಗೆ ಕಾಗದದ್ದು ಹಾಕಿದ. ತಿಂಗಳು ಬಿಟ್ಟು ಅದರಾಚೆ ಎಂಜಿನ್ನಿಗೆ ಹೋಗುವ ಕೊಳವೆಯೊಳಗೆ ಬೆರಳಾಡಿಸಿ ಹೆಂಡತಿಯ ಮೂಗಿನ ಮುಂದೆ ಹಿಡಿದ.

"ನೋಡೇ, ಒಂದು ಚೂರು ಧೂಳಿದ್ರೆ ಹೇಳು!"

ಉಲ್ಬೊಸಿನ್ ಕೆಮ್ಮಿದಳು. "ಎಂಜಿನ್ನಿನ ಪುಣ್ಯ ಕಣ್ರೀ. ನನ್ನನ್ನ ಸಮರ್ಕಂದಕ್ಕೆ, ತಂಗಿ ಮನೇಗೆ ಕರ್ಕೊಂಡೋಗಿ ಅಂದ್ರೆ ಮಾತ್ರ ಕಿವಿಗೇ ಹಾಕ್ಕೊಳ್ಳಲ್ಲ."

"ನಾ ಹೋದ್ರೆ ಈ ಗಾಡಿಗಳನ್ನ ಯಾರು ನೋಡ್ತಾರೆ?"

ವರ್ಷಗಟ್ಟಲೆ ಇದೇ ರಾಗ. ಈ ಧೂಳು ಅವಳೆದೆಗೆ ಆಗದು, ಊರು ಬಿಡಿ ಎಂದು ಡಾಕ್ಟರು ಹೇಳಿದರೂ ಅವನು ಜಗ್ಗಲಿಲ್ಲ. ಅವನನ್ನು ಬಿಟ್ಟು ಅವಳು ಹೊರಡಲಾರಳು. ಉಪ್ಪುಧೂಳು ಕುಡಿಯುತ್ತ ಅಲ್ಲೇ ಬಿದ್ದಿದ್ದಳು, ಪಾಪ.

ವಸಂತದ ಒಂದು ಬೆಳಿಗ್ಗೆ ಅವಳ ತುಟಿ ನೀಲಿಗಟ್ಟಿತು. ವ್ಯಾನಿನಲ್ಲಿ ಮಲಗಿಸಿಕೊಂಡು ನುಕುಸ್‌ನ ಆಸ್ಪತ್ರೆಗೆ ಹೊರಟ. ನಡುದಾರಿಯಲ್ಲಿ ಉಪ್ಪುಧೂಳಿನ ಬಿಳಿಗಾಳಿ ಎದ್ದಿತು. ಒಂದು ಕಣವನ್ನೂ ಬಿಡದೆ ಹಿಡಿದು ಹಿಡಿದು ಫಿಲ್ಟರಿನ ಕಾಗದ ಕಟ್ಟಿಕೊಂಡಿತು. ಎಂಜಿನ್ನು ಬಿಕ್ಕಿ ನಿಂತಿತು. ಎಣ್ಣೆಬಟ್ಟಲಾಗಿದ್ದರೆ ಧೂಳು ಬಿಟ್ಟರೂ ಹೀಗೆ ಉಸಿರು ಕಟ್ಟಿಸುತ್ತಿರಲಿಲ್ಲ. ವ್ಯಾನಿನ ಹಿಂಭಾಗದಲ್ಲಿ ಅವಳ ಎದೆ ಸಿಳ್ಳೆ ಹಾಕುತ್ತಿತ್ತು.

ಇಳಿದು, ಫಿಲ್ಟರನ್ನು ಚಕ್ರಕ್ಕೆ ಬಡಿದ. ಹೌದು, ಅವನೇ! ಸ್ವಲ್ಪ ದೂರ ಹೋಗಿ ಮತ್ತೆ ನಿಂತಾಗ ಕಿತ್ತು ಬಿಸಾಡಿದ. ವ್ಯಾನು ಬರಿಬಾಯಲ್ಲಿ ಉಪ್ಪು ನುಂಗುತ್ತ ಓಡಿತು. ಆಸ್ಪತ್ರೆಯ ಬಾಗಿಲಲ್ಲಿ ನೀಲಿ ಹೊಗೆ ಉಗುಳಿ ಸತ್ತಿತು. ಉಲ್ಬೊಸಿನ್ ಬದುಕಿದಳು.

ಅವಳು ಎದ್ದು ಕೂರುವಷ್ಟಾದ ದಿನ, ಅವನು ಸಂತೆಯಿಂದ ಎಂಜಿನ್ನಿನ ಪಿಸ್ಟನ್ ರಿಂಗುಗಳನ್ನು ತಂದು ಮಂಚದ ಮೇಲೆ ಹರಡಿದ. "ಇಷ್ಟು ಹಾಕಿದ್ರೆ ವ್ಯಾನು ಮತ್ತೆ ಓಡುತ್ತೆ ಕಣೇ. ಊರಿಗೆ ಹೋಗ್ಬಹುದು."

ಅವಳು ಒಂದು ರಿಂಗನ್ನು ಎತ್ತಿ ನೋಡಿದಳು. "ನನ್ನೆದೆಗೆ ಹಾಕೋಂಥದ್ದೂ ಸಿಗುತ್ತಾ ಅಂತ ಸಂತೇಲಿ ಕೇಳಿದ್ರಾ?"

ಪೆರ್ದೆಬಾಯ್ ರಿಂಗುಗಳನ್ನೆಲ್ಲ ಚೀಲಕ್ಕೆ ತುಂಬಿ, ಸಮರ್ಕಂದದ ರೈಲು ಎಷ್ಟು ಹೊತ್ತಿಗೆ ಎಂದು ನರ್ಸಮ್ಮನನ್ನು ಕೇಳಲು ಹೋದ.