ಗಜನಿ ಕಟ್ಟೆಯ ತೂತು

ನಮ್ಮ ಶೆಟಗೇರಿಯಲ್ಲಿ ಉಪ್ಪುನೀರ ಹೊಳೆಯ ಬದಿಯ ಗಜನಿ ಗದ್ದೆಯ ಕಟ್ಟೆ ಒಡೆದಾಗ ನಾನೊಬ್ಬನೇ ಬೆನ್ನು ಕೊಟ್ಟು, ಮುಂಜಾನೆಯಿಂದ ಸಂಜೆ ತನಕ ಸಮುದ್ರದಿಂದ ಏರಿ ಬರುವ ಭರತಿಯ ನೀರು ತಡೆದು ನಿಂತವ. ಕಣ್ಣಾರೆ ಕಂಡವರು ಈಗ ಯಾರೂ ಉಳಿದಿಲ್ಲ, ಅದು ನನ್ನ ತಪ್ಪಲ್ಲ.

ಮೊನ್ನೆ ಮಗಳ ಊರು ಹಣಕೋಣಕ್ಕೆ ಹೋದಾಗ ಅಲ್ಲೂ ಹೊಳೆಬದಿಯ ಕಟ್ಟೆ ಸೋರುತ್ತಿತ್ತು. ಭರತಿ ಏರುವುದರೊಳಗೆ ತೂತು ಮುಚ್ಚದಿದ್ದರೆ ಭತ್ತದ ಸಸಿಗೆಲ್ಲ ಉಪ್ಪುನೀರೇ ಗತಿ. ನಾನು ನನ್ನ ಕತೆ ಹೇಳಿ, "ತೂತು ಇಲ್ಲೇ, ಈ ಕಲ್ಲಿನ ಬುಡದಲ್ಲಿ" ಎಂದೆ. ಗಂಡಸರೆಲ್ಲ ಅಲ್ಲೇ ಮಣ್ಣು ಸುರಿಯತೊಡಗಿದರು.

ಬುಟ್ಟಿ ಹೊತ್ತಿದ್ದ ಸಾವಿತ್ರಿ ಎಂಬ ಹೆಂಗಸು ಮಾತ್ರ ನಿಂತು ಕೇಳಿದಳು: "ಅಜ್ಜಾ, ಮುಂಜಾನೆಯಿಂದ ಸಂಜೆ ತನಕ ಭರತಿನೇ ಇತ್ತಾ? ನಿಮ್ಮೂರ ಸಮುದ್ರಕ್ಕೆ ಇಳಿತ ಅನ್ನೋದೇ ಇಲ್ವಾ?"

"ಆಗಿನ ಸಮುದ್ರವೇ ಬೇರೆ, ತಂಗಿ."

ಅವಳು ಬುಟ್ಟಿ ಕೆಳಗಿಟ್ಟಳು. ಮನೆಯಿಂದ ಒಂದು ಬೊಗಸೆ ಉಮಿ ತಂದು ಹೊಳೆಯ ಬದಿಯ ನೀರಿಗೆ ಚೆಲ್ಲಿದಳು. ಉಮಿ ನನ್ನ ಕಲ್ಲನ್ನು ದಾಟಿ ತೇಲುತ್ತ ಹೋಗಿ, ನಾಲ್ಕಾರು ಮಾರು ಆಚೆ ಸುಳಿ ಸುತ್ತಿ ಮಾಯವಾಯಿತು. ಅಲ್ಲಿ ಕೈ ಹಾಕಿದರೆ ದೊಡ್ಡದೊಂದು ಏಡಿ ಬಿಲ! ಜನರೆಲ್ಲ ಹಾರೆ ಹಿಡಿದು ಅತ್ತ ಓಡಿದರು.

"ಈಗ ಏನಂತೀರಿ, ಅಜ್ಜಾ?"

ನಾನು ಹೆಗಲ ಮೇಲಿನ ಟುವಾಲು ಕೊಡವಿದೆ. "ನಾ ಹೇಳುವಾಗ ಇಲ್ಲೇ ಇತ್ತು. ಅಷ್ಟರಲ್ಲಿ ಏಡಿ ಮನೆ ಬದಲಾಯಿಸಿದರೆ ನಾನೇನು ಮಾಡಲಿ?"